ಹೃದಯಾಘಾತ ಮತ್ತು ಅಂಗದಾನ: ಸಮಯದ ಲೆಕ್ಕ

ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರ ಮಾಡುತ್ತಿದ್ದ ನಮ್ಮ ಕಾಕಾ 2009ರ ಒಂದು ಬೆಳಗಿನ ಜಾವ ಎದೆ ಹಿಡಿದುಕೊಂಡು ಎದ್ದು ಕುಳಿತರು. ಹಿಂದಿನ ರಾತ್ರಿ ಮದುವೆ ಮನೆಯ ಊಟವಾಗಿತ್ತು. ಗ್ಯಾಸ್ ಇರಬೇಕೆಂದು ಅವರೂ ಅಂದುಕೊಂಡರು, ಮನೆಯವರೂ ಅಂದುಕೊಂಡರು. ಸೋಡಾ ಕುಡಿಸಿದ್ದಾಯಿತು, ಜೀರಿಗೆ ಕಷಾಯ ಆಯಿತು, ಎದೆಗೆ ಎಣ್ಣೆ ತಿಕ್ಕಿದ್ದೂ ಆಯಿತು. ಐದೂವರೆಗೆ ನನಗೆ ಫೋನ್ ಬಂತು. ‘ಸ್ವಲ್ಪ ಹೊತ್ತು ನೋಡ್ರಿ, ಕಡಿಮೆ ಆಗದಿದ್ರ ದವಾಖಾನೆಗೆ ಹೋಗ್ರಿ’ ಎಂದು ಹೇಳಿದವನು ನಾನೇ. ಎಡಗೈ ಸೋತು, ಮೈಯೆಲ್ಲ ಬೆವರಿದ ಮೇಲೆ ಅವರು ವಾಹನ ಹುಡುಕಿದರು. ಅಷ್ಟರಲ್ಲಿ ಮೂರು ಗಂಟೆ ಕಳೆದಿತ್ತು. ಹಾವೇರಿ ತಲುಪುವ ಮೊದಲೇ ಕಾಕಾ ತೀರಿಕೊಂಡರು. ಅವರಿಗೆ ಆಗ 54 ವರ್ಷ.

ಹದಿನೈದು ದಿನಗಳ ನಂತರ ಯಾವುದೋ ಕಾಗದಕ್ಕಾಗಿ ಅವರ ಟ್ರಂಕು ತೆಗೆದಾಗ ನೇತ್ರದಾನದ ವಾಗ್ದಾನ ಪತ್ರವೊಂದು ಸಿಕ್ಕಿತು. ಯಾವುದೋ ಶಿಬಿರದಲ್ಲಿ ಸಹಿ ಮಾಡಿ, ನಾಲ್ಕು ಮಡಿಕೆ ಮಾಡಿ, ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಇಟ್ಟಿದ್ದರು. ಚಿಗವ್ವನಿಗೆ ಅದು ಗೊತ್ತಿರಲಿಲ್ಲ. ಮಕ್ಕಳಿಗೂ ಗೊತ್ತಿರಲಿಲ್ಲ.

ಭೌತವಿಜ್ಞಾನದ ತರಗತಿಯಲ್ಲಿ ಹೃದಯವನ್ನು ಪಂಪಿಗೆ ಹೋಲಿಸಿ ಎಷ್ಟೋ ಲೆಕ್ಕಗಳನ್ನು ಮಾಡಿಸಿದವನು ನಾನು. ಆದರೂ ಅಂದು ಸಮಯದ ಲೆಕ್ಕದಲ್ಲಿ ಎರಡು ಸಲ ಸೋತೆ. ಕಾಕಾನ ಹೃದಯಕ್ಕೆ ಇದ್ದ ಅವಧಿ ಸೋಡಾ ಕುಡಿಸುವುದರಲ್ಲಿ ಮುಗಿಯಿತು. ಕಣ್ಣುಗಳಿಗೆ ಇದ್ದ ಅವಧಿ ಪತ್ರ ಟ್ರಂಕಿನಲ್ಲಿದ್ದುದರಿಂದ ಮುಗಿಯಿತು. ಹೃದ್ರೋಗದ ಅರಿವಿಗೂ ದಾನಿ ನೋಂದಣಿಗೂ ಆಧಾರವಾಗಿರುವ ಈ ಸಮಯದ ಲೆಕ್ಕವನ್ನು ಅಧ್ಯಾಪಕರು ಮತ್ತು ವಿದ್ಯಾರ್ಥಿಗಳ ಮುಂದಿಡುವುದು ಈ ಲೇಖನದ ಉದ್ದೇಶ.

ಒಂದು ವ್ಯಾಟ್‌ನ ಪಂಪು

ವಿಶ್ರಾಂತ ಸ್ಥಿತಿಯಲ್ಲಿ ವಯಸ್ಕರ ಹೃದಯ ನಿಮಿಷಕ್ಕೆ ಸುಮಾರು 72 ಬಾರಿ ಮಿಡಿಯುತ್ತದೆ. ಪ್ರತಿ ಮಿಡಿತದಲ್ಲಿ ಎಡ ಹೃತ್ಕುಕ್ಷಿ ಸುಮಾರು 70 ಮಿಲಿಲೀಟರ್ ರಕ್ತವನ್ನು ಹೊರದೂಡುತ್ತದೆ. ಅಂದರೆ ನಿಮಿಷಕ್ಕೆ ಸುಮಾರು 5 ಲೀಟರ್, ದಿನಕ್ಕೆ 7,200 ಲೀಟರ್. ದಿನವೊಂದಕ್ಕೆ ಮಿಡಿತಗಳ ಸಂಖ್ಯೆ ಒಂದು ಲಕ್ಷ ದಾಟುತ್ತದೆ.

ಈ ಪಂಪಿನ ಸಾಮರ್ಥ್ಯ ಎಷ್ಟು? ಒತ್ತಡವನ್ನು ಹರಿವಿನ ದರದಿಂದ ಗುಣಿಸಿದರೆ ಸಾಮರ್ಥ್ಯ ಸಿಗುತ್ತದೆ. ಸರಾಸರಿ ರಕ್ತದೊತ್ತಡವನ್ನು 100 ಮಿ.ಮೀ. ಪಾದರಸ, ಅಂದರೆ ಸುಮಾರು 13,300 ಪಾಸ್ಕಲ್ ಎಂದಿಟ್ಟುಕೊಳ್ಳೋಣ. ನಿಮಿಷಕ್ಕೆ 5 ಲೀಟರ್ ಎಂದರೆ ಸೆಕೆಂಡಿಗೆ 0.000083 ಘನ ಮೀಟರ್. ಗುಣಲಬ್ಧ ಸುಮಾರು 1.1 ವ್ಯಾಟ್. ಒಂದು ಸಣ್ಣ ಟಾರ್ಚ್ ಬಲ್ಬಿನಷ್ಟು! ಆದರೆ ಇದು ಬಿಡುವಿಲ್ಲದೆ ದುಡಿಯುವ ಪಂಪು. ಇಪ್ಪತ್ತನಾಲ್ಕು ಗಂಟೆಯಲ್ಲಿ ಅದು ಮಾಡುವ ಕೆಲಸ ಸುಮಾರು 95 ಕಿಲೋಜೂಲ್. ಬ್ಯಾಡಗಿಯ ಮಾರುಕಟ್ಟೆಯಲ್ಲಿ ಹಮಾಲರು 50 ಕೆ.ಜಿ. ಚೀಲವನ್ನು ಹೆಗಲಿಗೇರಿಸುವುದನ್ನು ನೋಡಿದ್ದೀರಿ. ಅಂಥ ಒಂದು ಚೀಲವನ್ನು 190 ಮೀಟರ್ ಎತ್ತರಕ್ಕೆ ಒಯ್ಯುವಷ್ಟು ಕೆಲಸ ಇದು.

ದೇಹಕ್ಕೆಲ್ಲ ರಕ್ತ ಕಳಿಸುವ ಹೃದಯಕ್ಕೂ ತನ್ನದೇ ಆದ ರಕ್ತ ಪೂರೈಕೆ ಬೇಕು. ಒಳಗೆ ತುಂಬಿರುವ ರಕ್ತದಿಂದ ಅದರ ದಪ್ಪ ಸ್ನಾಯುವಿಗೆ ಆಮ್ಲಜನಕ ಸಿಗದು. ಮಹಾಪಧಮನಿಯ ಬುಡದಲ್ಲೇ ಕವಲೊಡೆಯುವ ಎರಡು ಕಿರೀಟ ಅಪಧಮನಿಗಳು ಹೃದಯದ ಮೇಲೆ ಕಿರೀಟದಂತೆ ಹಬ್ಬಿ ಈ ಕೆಲಸ ಮಾಡುತ್ತವೆ. ಇನ್ನೊಂದು ವಿಶೇಷವನ್ನು ಗಮನಿಸಬೇಕು. ದೇಹದ ಉಳಿದ ಸ್ನಾಯುಗಳು ವಿಶ್ರಾಂತ ಸ್ಥಿತಿಯಲ್ಲಿ ರಕ್ತದ ಆಮ್ಲಜನಕದಲ್ಲಿ ಸ್ವಲ್ಪ ಭಾಗವನ್ನು ಮಾತ್ರ ಹೀರಿಕೊಳ್ಳುತ್ತವೆ. ಹೃದಯದ ಸ್ನಾಯು ವಿಶ್ರಾಂತಿಯಲ್ಲೂ ಶೇ. 70ಕ್ಕಿಂತ ಹೆಚ್ಚು ಹೀರಿಬಿಡುತ್ತದೆ. ಹೆಚ್ಚು ಬೇಕಾದರೆ ಹೆಚ್ಚು ರಕ್ತ ಹರಿಯಬೇಕು, ಬೇರೆ ದಾರಿ ಇಲ್ಲ. ಆದ್ದರಿಂದಲೇ ಆ ನಳಿಕೆಗಳು ಕಿರಿದಾದರೆ ಅಪಾಯ.

ನಾಲ್ಕನೆಯ ಘಾತದ ನಿಯಮ

ಫ್ರಾನ್ಸಿನ ಪ್ವಾಸೆಯ್ ವೃತ್ತಿಯಿಂದ ವೈದ್ಯ, ಆಸಕ್ತಿಯಿಂದ ಭೌತವಿಜ್ಞಾನಿ. ರಕ್ತ ಹರಿಯುವ ಬಗೆಯನ್ನು ಅರಿಯಲು ಅವನು ಸಣ್ಣ ಗಾಜಿನ ನಳಿಕೆಗಳಲ್ಲಿ ದ್ರವ ಹರಿಸಿ ಅಳೆದ. 1840ರ ದಶಕದಲ್ಲಿ ಪ್ರಕಟವಾದ ಅವನ ನಿಯಮ ಇಂದು ಪದವಿ ತರಗತಿಯ ಪಠ್ಯದಲ್ಲಿದೆ. ಒತ್ತಡದ ವ್ಯತ್ಯಾಸ ಅಷ್ಟೇ ಇದ್ದಾಗ ನಳಿಕೆಯ ಹರಿವು ಅದರ ತ್ರಿಜ್ಯದ ನಾಲ್ಕನೆಯ ಘಾತಕ್ಕೆ ಅನುಪಾತದಲ್ಲಿರುತ್ತದೆ. ತ್ರಿಜ್ಯ ಅರ್ಧವಾದರೆ ಹರಿವು ಹದಿನಾರರಲ್ಲಿ ಒಂದು ಭಾಗ. ತ್ರಿಜ್ಯ ಶೇ. 20ರಷ್ಟು ಕುಗ್ಗಿದರೂ ಹರಿವು ಶೇ. 41ಕ್ಕೆ ಇಳಿಯುತ್ತದೆ.

ಹಾಗಾದರೆ ನಳಿಕೆ ಸ್ವಲ್ಪ ಕಿರಿದಾದೊಡನೆ ಎದೆನೋವು ಬರಬೇಕಲ್ಲ? ಬರುವುದಿಲ್ಲ. ಕಿರಿದಾದ ಜಾಗದಿಂದ ಮುಂದಿರುವ ಸಣ್ಣ ರಕ್ತನಾಳಗಳು ಹಿಗ್ಗಿ ಒಟ್ಟು ಪ್ರತಿರೋಧವನ್ನು ಸರಿದೂಗಿಸುತ್ತವೆ. ವಿದ್ಯುನ್ಮಂಡಲದಲ್ಲಿ ಸರಣಿಯಲ್ಲಿ ಜೋಡಿಸಿದ ಎರಡು ರೋಧಕಗಳಲ್ಲಿ ಒಂದು ಏರಿದಾಗ ಇನ್ನೊಂದನ್ನು ಇಳಿಸಿದಂತೆ ಇದು. ನಳಿಕೆಯ ವ್ಯಾಸ ಸುಮಾರು ಶೇ. 70ರಷ್ಟು ಕುಗ್ಗುವವರೆಗೆ ಈ ಉಪಾಯ ಹೇಗೋ ನಡೆಯುತ್ತದೆ. ಆಮೇಲೆ ಮೆಟ್ಟಿಲು ಹತ್ತುವಾಗ, ಚೀಲ ಎತ್ತುವಾಗ ಎದೆ ಬಿಗಿಯುತ್ತದೆ, ನಿಂತರೆ ಕಡಿಮೆಯಾಗುತ್ತದೆ. ದೇಹ ಕೊಡುವ ಮುನ್ನೆಚ್ಚರಿಕೆ ಅದು.

ಕೆಲವರಿಗೆ ಈ ಮುನ್ನೆಚ್ಚರಿಕೆಯೂ ಸಿಗುವುದಿಲ್ಲ. ಅಪಧಮನಿಯ ಒಳಗೋಡೆಯಲ್ಲಿ ಕೊಬ್ಬು, ಕೊಲೆಸ್ಟರಾಲ್ ಸೇರಿ ಬೆಳೆಯುವ ಗಂಟಿನ ಮೇಲೆ ತೆಳು ಪೊರೆ ಇರುತ್ತದೆ. ಸಣ್ಣ ಗಂಟಿನ ಪೊರೆಯೂ ಒಮ್ಮೆಲೇ ಬಿರಿಯಬಹುದು. ಬಿರಿದ ಜಾಗವನ್ನು ದೇಹ ಗಾಯವೆಂದು ತಿಳಿದು ರಕ್ತ ಹೆಪ್ಪುಗಟ್ಟಿಸುತ್ತದೆ. ಕೆಲವೇ ನಿಮಿಷಗಳಲ್ಲಿ ಹೆಪ್ಪು ನಳಿಕೆಯನ್ನು ಪೂರ್ತಿ ಮುಚ್ಚಿಬಿಡುತ್ತದೆ. ಹೆಚ್ಚಿನ ಹೃದಯಾಘಾತಗಳು ಆಗುವುದು ಹೀಗೆ.

‘ಮೊನ್ನೆಯಷ್ಟೇ ಇ.ಸಿ.ಜಿ. ಮಾಡಿಸಿದ್ದರು, ಎಲ್ಲ ಸರಿ ಇತ್ತು’ ಎಂಬ ಮಾತಿಗೆ ಉತ್ತರ ಇಲ್ಲಿದೆ. ಹೃದಯದ ವಿದ್ಯುತ್ ಚಟುವಟಿಕೆಯನ್ನು ಚರ್ಮದ ಮೇಲಿನಿಂದ ಅಳೆದರೆ ಸಿಗುವುದು ಒಂದು ಮಿಲಿವೋಲ್ಟಿನ ಆಸುಪಾಸು. ಇದನ್ನು ಸ್ಪಷ್ಟವಾಗಿ ದಾಖಲಿಸುವ ಉಪಕರಣವನ್ನು ಕಳೆದ ಶತಮಾನದ ಮೊದಲ ವರ್ಷಗಳಲ್ಲಿ ರೂಪಿಸಿದ ನೆದರ್‌ಲ್ಯಾಂಡ್ಸಿನ ಐಂಟ್‌ಹೋವೆನ್ 1924ರಲ್ಲಿ ನೊಬೆಲ್ ಪಡೆದ. ಇ.ಸಿ.ಜಿ. ಆ ಕ್ಷಣದ ಚಿತ್ರ. ಸ್ನಾಯು ಈಗ ರಕ್ತವಿಲ್ಲದೆ ನರಳುತ್ತಿದೆಯೇ ಎಂಬುದನ್ನು ಅದು ಚೆನ್ನಾಗಿ ತಿಳಿಸುತ್ತದೆ. ನಾಳೆ ಯಾವ ಪೊರೆ ಬಿರಿಯುತ್ತದೆ ಎಂಬುದನ್ನು ತಿಳಿಸಲಾರದು.

2025ರ ಮೇ–ಜೂನ್ ತಿಂಗಳುಗಳಲ್ಲಿ ಹಾಸನ ಜಿಲ್ಲೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಹೃದಯಾಘಾತದಿಂದ ಸತ್ತರೆಂಬ ಸುದ್ದಿ ಹರಡಿದಾಗ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ನೋವಿಲ್ಲದವರೂ ಸಾಲುಗಟ್ಟಿ ನಿಂತರು. ಸರ್ಕಾರ ನೇಮಿಸಿದ ತಜ್ಞರ ಸಮಿತಿ ಪರಿಶೀಲಿಸಿ ಅಲ್ಲಿ ಅಸಹಜ ಏರಿಕೆ ಇಲ್ಲವೆಂದು ವರದಿ ಕೊಟ್ಟಿತು. ಹೆದರಿಕೆಯಿಂದ ಒಂದು ಸಲ ಇ.ಸಿ.ಜಿ. ಮಾಡಿಸಿ ಮರೆಯುವುದಕ್ಕಿಂತ ರಕ್ತದೊತ್ತಡ, ಸಕ್ಕರೆ, ಕೊಲೆಸ್ಟರಾಲ್‌ಗಳನ್ನು ವರ್ಷವರ್ಷವೂ ಅಳೆಸಿ ಹತೋಟಿಯಲ್ಲಿಡುವುದು ಹೆಚ್ಚು ಫಲಕಾರಿ.

52 ದೇಶಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ ಇಂಟರ್‌ಹಾರ್ಟ್ ಅಧ್ಯಯನ ಮೊದಲ ಹೃದಯಾಘಾತದ ಅಪಾಯದಲ್ಲಿ ಶೇ. 90ರಷ್ಟಕ್ಕೆ ಒಂಬತ್ತು ಅಂಶಗಳು ಕಾರಣವೆಂದು ತೋರಿಸಿತು. ಧೂಮಪಾನ, ರಕ್ತದ ಕೊಬ್ಬಿನ ಏರುಪೇರು, ರಕ್ತದೊತ್ತಡ, ಮಧುಮೇಹ, ಹೊಟ್ಟೆಯ ಬೊಜ್ಜು, ಮಾನಸಿಕ ಒತ್ತಡ, ಹಣ್ಣು–ತರಕಾರಿಯ ಕೊರತೆ, ವ್ಯಾಯಾಮದ ಕೊರತೆ, ಮದ್ಯ ಸೇವನೆಯ ರೀತಿ ಇವೇ ಆ ಒಂಬತ್ತು. ಇವೆಲ್ಲ ನಾವು ಬದಲಿಸಬಹುದಾದ ಅಂಶಗಳು. ಅದೇ ಅಧ್ಯಯನದ ಪ್ರಕಾರ ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತದ ಮಧ್ಯಕ ವಯಸ್ಸು 53. ಉಳಿದ ದೇಶಗಳವರಿಗೆ ಸುಮಾರು 59. ನಮ್ಮಲ್ಲಿ ರೋಗ ಆರು ವರ್ಷ ಮೊದಲೇ ಬಾಗಿಲು ತಟ್ಟುತ್ತದೆ.

ಬ್ಯಾಡಗಿಯಲ್ಲಿ ಮಾತನಾಡುವಾಗ ವಿದ್ಯಾರ್ಥಿಗಳು ತಪ್ಪದೆ ಕೇಳುವ ಪ್ರಶ್ನೆ, ‘ಖಾರ ತಿಂದರೆ ಹೃದಯಕ್ಕೆ ಕೆಟ್ಟದ್ದೇ ಸರ್?’ ಬ್ಯಾಡಗಿ ಮೆಣಸಿನಕಾಯಿಗೆ ಹೆಸರು ಬಂದಿರುವುದು ಬಣ್ಣಕ್ಕಾಗಿ, ಅದರ ಖಾರ ಕಡಿಮೆ. ಅದು ಅಪರಾಧಿಯಲ್ಲ. ಮಿರ್ಚಿ ಬಜಿಯಲ್ಲಿ ನೋಡಬೇಕಾದದ್ದು ಮತ್ತೆ ಮತ್ತೆ ಕಾಯಿಸಿದ ಎಣ್ಣೆಯನ್ನು. ಉಪ್ಪಿನಕಾಯಿ, ಹಪ್ಪಳಗಳಲ್ಲಿ ನೋಡಬೇಕಾದದ್ದು ಉಪ್ಪನ್ನು. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಂತೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕು. ಅದು ಸುಮಾರು ಒಂದು ಚಹಾ ಚಮಚ. ಗುಟಕಾ, ಬೀಡಿಗಳನ್ನು ಬಿಡದೆ ಬರೀ ಖಾರ ಬಿಟ್ಟರೆ ಪ್ರಯೋಜನವಿಲ್ಲ.

ಹಾವೇರಿಯಿಂದ ಆಸ್ಪತ್ರೆ ಎಷ್ಟು ದೂರ?

ಕಿರೀಟ ಅಪಧಮನಿ ಪೂರ್ತಿ ಮುಚ್ಚಿದ ಸುಮಾರು ಇಪ್ಪತ್ತರಿಂದ ನಲವತ್ತು ನಿಮಿಷಗಳಲ್ಲಿ ಅದರ ವ್ಯಾಪ್ತಿಯ ಸ್ನಾಯು ಸಾಯತೊಡಗುತ್ತದೆ. ಸಾವು ಒಳಪದರದಲ್ಲಿ ಆರಂಭವಾಗಿ ಅಲೆಯಂತೆ ಹೊರಪದರದ ಕಡೆ ಸಾಗುತ್ತದೆ. ಹಲವು ಗಂಟೆಗಳಲ್ಲಿ ಇಡೀ ದಪ್ಪ ಸತ್ತುಹೋಗುತ್ತದೆ. ಸತ್ತ ಸ್ನಾಯು ಮತ್ತೆ ಬೆಳೆಯುವುದಿಲ್ಲ, ಅಲ್ಲಿ ಗಾಯದ ಕಲೆ ಉಳಿಯುತ್ತದೆ. ಹೀಗಾಗಿ ಪ್ರತಿ ನಿಮಿಷವೂ ಸ್ನಾಯುವಿನ ಒಂದಿಷ್ಟು ತುಣುಕಿಗೆ ಸಮ.

ಮುಚ್ಚಿದ ನಳಿಕೆ ತೆರೆಯಲು ಎರಡು ಮಾರ್ಗಗಳಿವೆ. ಮೊದಲನೆಯದು ಆಂಜಿಯೋಪ್ಲಾಸ್ಟಿ. ಸಣ್ಣ ಬಲೂನನ್ನು ಒಳಸೇರಿಸಿ, ಉಬ್ಬಿಸಿ, ಲೋಹದ ಸ್ಟೆಂಟ್ ಕೂರಿಸುವುದು. ಅದಕ್ಕೆ ಕ್ಯಾಥ್ ಲ್ಯಾಬ್ ಮತ್ತು ತಜ್ಞರು ಬೇಕು. ಎರಡನೆಯದು ಹೆಪ್ಪು ಕರಗಿಸುವ ಚುಚ್ಚುಮದ್ದು. ಅದನ್ನು ಇ.ಸಿ.ಜಿ. ನೋಡಿ ಸಣ್ಣ ಆಸ್ಪತ್ರೆಯಲ್ಲೂ ಕೊಡಬಹುದು. ನೋವು ಶುರುವಾದ ಹನ್ನೆರಡು ಗಂಟೆಗಳವರೆಗೆ ಅದು ಉಪಯುಕ್ತವಾದರೂ ಮೊದಲ ಎರಡು–ಮೂರು ಗಂಟೆಗಳಲ್ಲಿ ಕೊಟ್ಟಾಗಲೇ ಹೆಚ್ಚು ಫಲ.

ನಮ್ಮ ಜಿಲ್ಲೆಯ ನಕ್ಷೆಯನ್ನು ನೋಡೋಣ. 1997ರಲ್ಲಿ ಧಾರವಾಡದಿಂದ ಬೇರ್ಪಟ್ಟ ಹಾವೇರಿ ಜಿಲ್ಲೆ ಹುಬ್ಬಳ್ಳಿ ಮತ್ತು ದಾವಣಗೆರೆಗಳ ನಡುವೆ ಇದೆ. ಹಾವೇರಿಯಿಂದ ಹುಬ್ಬಳ್ಳಿ ಹೆದ್ದಾರಿಯಲ್ಲಿ ಸುಮಾರು 75 ಕಿ.ಮೀ. ರಾಣೆಬೆನ್ನೂರಿನವರಿಗೆ ದಾವಣಗೆರೆ ಹತ್ತಿರ, ಸುಮಾರು 50 ಕಿ.ಮೀ. ಬ್ಯಾಡಗಿಯವರು ಮೋಟೆಬೆನ್ನೂರಿನ ಬಳಿ ಹೆದ್ದಾರಿ ಸೇರಿ ಯಾವ ಕಡೆ ತಿರುಗಬೇಕೆಂದು ನಿರ್ಧರಿಸಬೇಕು. ಗಂಟೆಗೆ 60 ಕಿ.ಮೀ. ವೇಗದಲ್ಲಿ ಲೆಕ್ಕ ಹಾಕಿದರೂ ದೊಡ್ಡ ಆಸ್ಪತ್ರೆಗೆ ಒಂದು ಗಂಟೆಯ ಆಸುಪಾಸು. ದಾರಿ ಒಂದು ಗಂಟೆಯದು. ಕಾಕಾನ ಮನೆಯಲ್ಲಿ ನಾವು ಕಳೆದದ್ದು ಮೂರು ಗಂಟೆ. ದೂರವನ್ನು ನಾವು ಕಡಿಮೆ ಮಾಡಲಾರೆವು, ಮನೆಯಲ್ಲಿ ಕಳೆಯುವ ಹೊತ್ತನ್ನು ಮಾಡಬಲ್ಲೆವು.

ಈ ದೂರದ ಸಮಸ್ಯೆಗಾಗಿಯೇ ಕರ್ನಾಟಕ ಸರ್ಕಾರ ‘ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ’ ಯೋಜನೆಯನ್ನು ರೂಪಿಸಿದೆ. ಬಂಡಿಯ ಗಾಲಿಯಲ್ಲಿ ಗುಂಬ ಮತ್ತು ಅರಗಳು ಇರುವಂತೆ ದೊಡ್ಡ ಹೃದ್ರೋಗ ಆಸ್ಪತ್ರೆಗಳು ಕೇಂದ್ರ. ಜಿಲ್ಲಾ, ತಾಲ್ಲೂಕು ಆಸ್ಪತ್ರೆಗಳು ಅರಗಳು. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇ.ಸಿ.ಜಿ.ಯನ್ನು ಕೆಲವೇ ನಿಮಿಷಗಳಲ್ಲಿ ದೂರದ ತಜ್ಞರು ನೋಡುತ್ತಾರೆ. ಹೃದಯಾಘಾತ ಖಚಿತವಾದರೆ ಟೆನೆಕ್ಟೆಪ್ಲೇಸ್ ಎಂಬ ದುಬಾರಿ ಚುಚ್ಚುಮದ್ದನ್ನು ಅಲ್ಲೇ ಉಚಿತವಾಗಿ ಕೊಟ್ಟು ಮುಂದೆ ಕಳಿಸುತ್ತಾರೆ. ನಿಮ್ಮೂರಿಗೆ ಹತ್ತಿರದ ಯಾವ ಆಸ್ಪತ್ರೆಯಲ್ಲಿ ಈ ಸೌಲಭ್ಯವಿದೆ ಎಂಬುದನ್ನು ಆರೋಗ್ಯವಾಗಿರುವಾಗಲೇ ವಿಚಾರಿಸಿ ಬರೆದಿಡಿ. ಎದೆ ಹಿಡಿದುಕೊಂಡು ಕುಳಿತಾಗ ವಿಚಾರಿಸಲು ಸಮಯವಿರುವುದಿಲ್ಲ.

ಎದೆಯ ನಡುವೆ ಒತ್ತಿದಂತೆ, ಹಿಂಡಿದಂತೆ ನೋವು, ಅದು ಎಡಗೈ, ಭುಜ, ದವಡೆ ಅಥವಾ ಬೆನ್ನಿಗೆ ಹಬ್ಬುವುದು, ತಣ್ಣನೆಯ ಬೆವರು, ಉಸಿರಾಟದ ಕಷ್ಟ ಇವು ಲಕ್ಷಣಗಳು. ಮಧುಮೇಹಿಗಳಲ್ಲಿ ನೋವೇ ಇಲ್ಲದಿರಬಹುದು. ಹೆಂಗಸರಲ್ಲಿ ಬರೀ ಸುಸ್ತು, ಓಕರಿಕೆ, ಏದುಸಿರು ಇರಬಹುದು. ಹತ್ತು–ಹದಿನೈದು ನಿಮಿಷ ಕಡಿಮೆಯಾಗದ ಇಂಥ ನೋವನ್ನು ಗ್ಯಾಸ್ ಎಂದು ನಿರ್ಧರಿಸುವ ಅಧಿಕಾರ ಇ.ಸಿ.ಜಿ. ನೋಡಿದ ವೈದ್ಯರಿಗಷ್ಟೇ ಇರಲಿ. ರೋಗಿಯನ್ನು ನಡೆಸಬೇಡಿ, ಬೈಕಿನ ಹಿಂದೆ ಕೂರಿಸಬೇಡಿ. 108ಕ್ಕೆ ಕರೆ ಮಾಡಿ.

ಕೈಯಿಂದ ಪಂಪು ಒತ್ತುವುದು

ಹೃದಯಾಘಾತವೂ ಹೃದಯ ಸ್ತಂಭನವೂ ಒಂದೇ ಅಲ್ಲ. ಮೊದಲನೆಯದು ನಳಿಕೆಯ ತೊಂದರೆ. ಎರಡನೆಯದು ವಿದ್ಯುತ್ ಲಯದ ತೊಂದರೆ. ಹೃದಯ ಅಡ್ಡಾದಿಡ್ಡಿ ಕಂಪಿಸಿ ಪಂಪು ನಿಂತುಹೋಗುತ್ತದೆ. ಆಘಾತ ಸ್ತಂಭನಕ್ಕೆ ಕಾರಣವಾಗಬಹುದು. ಆಗ ವ್ಯಕ್ತಿ ಕುಸಿದು, ಕರೆದರೆ ಓಗೊಡದೆ, ಸರಿಯಾಗಿ ಉಸಿರಾಡದೆ ಬೀಳುತ್ತಾನೆ. ಮಿದುಳಿಗೆ ರಕ್ತ ನಿಂತ ನಾಲ್ಕೈದು ನಿಮಿಷಗಳಲ್ಲಿ ಹಾನಿ ಆರಂಭವಾಗುತ್ತದೆ. ಆಂಬುಲೆನ್ಸ್ ಅಷ್ಟರಲ್ಲಿ ಬರಲಾರದು. ಪಕ್ಕದಲ್ಲಿರುವವರೇ ಎದೆ ಒತ್ತಬೇಕು.

ಎದೆಮೂಳೆಯ ಕೆಳ ಅರ್ಧದ ಮೇಲೆ ಒಂದು ಅಂಗೈಯ ಹಿಮ್ಮಡಿ ಇಟ್ಟು, ಅದರ ಮೇಲೆ ಇನ್ನೊಂದು ಕೈ ಇಟ್ಟು, ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ, 5ರಿಂದ 6 ಸೆಂ.ಮೀ. ಆಳಕ್ಕೆ ಒತ್ತಬೇಕು. ಪ್ರತಿ ಸಲವೂ ಎದೆ ಪೂರ್ತಿ ಮೇಲೇಳಲು ಬಿಡಬೇಕು. ಹೃದಯ ತುಂಬಿಕೊಳ್ಳುವುದು ಆಗಲೇ. ಇದಕ್ಕೆ ಸುಮಾರು 40–50 ಕೆ.ಜಿ. ಭಾರ ಇಟ್ಟಷ್ಟು ಬಲ ಬೇಕು. ತೋಳಿನ ಸ್ನಾಯುವಿನಿಂದ ಒತ್ತಿದರೆ ಒಂದೇ ನಿಮಿಷದಲ್ಲಿ ಸೋಲುತ್ತೀರಿ. ಮೊಣಕೈ ನೇರವಾಗಿಟ್ಟು, ಭುಜ ಅಂಗೈಯ ನೇರಕ್ಕೆ ತಂದು, ದೇಹದ ತೂಕವನ್ನೇ ಇಳಿಸಬೇಕು. ಗುರುತ್ವವೇ ಕೆಲಸ ಮಾಡುತ್ತದೆ. ಲಯ ಸರಿಪಡಿಸುವ ವಿದ್ಯುತ್ ಆಘಾತ ತಡವಾದಂತೆ, ಎದೆ ಒತ್ತದಿದ್ದರೆ, ಬದುಕುವ ಸಂಭವ ನಿಮಿಷಕ್ಕೆ ಶೇ. 7ರಿಂದ 10ರಷ್ಟು ಇಳಿಯುತ್ತದೆ.

ಹೃದಯ ನಿಂತವರ ಹೃದಯ ಕೊಡಬಹುದೇ?

ಎಲ್ಲ ಪ್ರಯತ್ನ ಮಾಡಿದರೂ ಕೆಲವರು ಉಳಿಯುವುದಿಲ್ಲ. ದಾನದ ಪ್ರಶ್ನೆ ಬರುವುದು ಆಗ. ರಾಣೆಬೆನ್ನೂರಿನ ಕಾಲೇಜೊಂದರಲ್ಲಿ ಒಬ್ಬ ವಿದ್ಯಾರ್ಥಿನಿ ಕೇಳಿದಳು: ‘ಹೃದಯಾಘಾತದಿಂದ ಸತ್ತವರು ಹೃದಯ ದಾನ ಮಾಡಬಹುದೇ?’ ಅಲ್ಲಿದ್ದ ಅಧ್ಯಾಪಕರಲ್ಲೂ ಅನೇಕರಿಗೆ ಉತ್ತರ ಸ್ಪಷ್ಟವಿರಲಿಲ್ಲ. ಪ್ರಶ್ನೆ ಒಳ್ಳೆಯದು, ಏಕೆಂದರೆ ಸಾವು ಎರಡು ಬಗೆಯಲ್ಲಿ ನಿರ್ಧಾರವಾಗುತ್ತದೆ.

ಮನೆಯಲ್ಲಿ, ದಾರಿಯಲ್ಲಿ ಹೃದಯ ನಿಂತು ಬರುವ ಸಾವು ಒಂದು ಬಗೆ. ಇಲ್ಲಿ ಎಲ್ಲ ಅಂಗಗಳಿಗೂ ಒಮ್ಮೆಲೇ ರಕ್ತ ನಿಲ್ಲುತ್ತದೆ. ಹೃದಯ, ಯಕೃತ್ತು, ಮೂತ್ರಪಿಂಡಗಳು ಬೇಗ ಕೆಡುತ್ತವೆ. ಆದರೆ ಕಾರ್ನಿಯಾ, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪದರ, ಮತ್ತು ಚರ್ಮ ಇನ್ನೂ ಕೆಲವು ಗಂಟೆ ಬಳಕೆಗೆ ಯೋಗ್ಯವಾಗಿರುತ್ತವೆ.

ಇನ್ನೊಂದು ಮಿದುಳುಕಾಂಡದ ಸಾವು. ತಲೆಗೆ ತೀವ್ರ ಪೆಟ್ಟು ಬಿದ್ದು ಅಥವಾ ಮಿದುಳಿನಲ್ಲಿ ರಕ್ತಸ್ರಾವವಾಗಿ ಮಿದುಳು ಸಂಪೂರ್ಣ, ಶಾಶ್ವತವಾಗಿ ನಿಂತಿರುತ್ತದೆ. ಸ್ವಂತ ಉಸಿರಾಟವಿಲ್ಲ. ಆದರೆ ಕೃತಕ ಉಸಿರಾಟದ ಯಂತ್ರ ಆಮ್ಲಜನಕ ಕೊಡುತ್ತಿರುವಷ್ಟು ಕಾಲ ಹೃದಯ ಬಡಿಯುತ್ತದೆ. ಹೇಗೆ? ಬಲ ಹೃತ್ಕರ್ಣದ ಗೋಡೆಯಲ್ಲಿ ಹೃದಯಕ್ಕೆ ತನ್ನದೇ ಆದ ಲಯಕಾರಕ ಇದೆ. ಮಿದುಳಿನ ಆಜ್ಞೆಯಿಲ್ಲದೆಯೂ ಅದು ವಿದ್ಯುತ್ ಸ್ಪಂದಗಳನ್ನು ಹುಟ್ಟಿಸುತ್ತದೆ. ಎದೆ ಏರಿಳಿಯುವುದನ್ನು, ಮೈ ಬೆಚ್ಚಗಿರುವುದನ್ನು ನೋಡಿದ ಮನೆಯವರಿಗೆ ಇದು ಸಾವೆಂದು ನಂಬಲು ಕಷ್ಟ. ಅದಕ್ಕಾಗಿಯೇ 1994ರ ಮಾನವ ಅಂಗಾಂಗ ಕಸಿ ಕಾಯಿದೆ ಕಟ್ಟುನಿಟ್ಟಿನ ಕ್ರಮ ವಿಧಿಸಿದೆ. ನಾಲ್ವರು ವೈದ್ಯರ ಮಂಡಳಿ ಕನಿಷ್ಠ ಆರು ಗಂಟೆ ಅಂತರದಲ್ಲಿ ಎರಡು ಬಾರಿ ಪರೀಕ್ಷಿಸಿ ಸಾವನ್ನು ದೃಢೀಕರಿಸಬೇಕು. ಹೃದಯ, ಶ್ವಾಸಕೋಶ, ಯಕೃತ್ತು, ಮೂತ್ರಪಿಂಡಗಳ ದಾನ ನಮ್ಮಲ್ಲಿ ಬಹುಮಟ್ಟಿಗೆ ಈ ಸಂದರ್ಭದಲ್ಲೇ ಸಾಧ್ಯ.

ಹಾಗಾಗಿ ಆ ವಿದ್ಯಾರ್ಥಿನಿಗೆ ಕೊಟ್ಟ ಉತ್ತರ ಇದು: ಹೃದಯಾಘಾತದಿಂದ ತೀರಿಕೊಂಡವರು ಹೃದಯ ಕೊಡಲಾರರು, ಕಣ್ಣು ಕೊಡಬಲ್ಲರು.

ತಂಪಿನ ಲೆಕ್ಕ

1967ರ ಡಿಸೆಂಬರ್ 3ರಂದು ದಕ್ಷಿಣ ಆಫ್ರಿಕದ ಕೇಪ್‌ಟೌನ್‌ನಲ್ಲಿ ಕ್ರಿಸ್ಟಿಯಾನ್ ಬರ್ನಾರ್ಡ್ ಮೊದಲ ಬಾರಿಗೆ ಮನುಷ್ಯನ ಹೃದಯವನ್ನು ಇನ್ನೊಬ್ಬ ಮನುಷ್ಯನಿಗೆ ಕಸಿ ಮಾಡಿದರು. ರೋಗಿ ಬದುಕಿದ್ದು 18 ದಿನ. ಭಾರತದಲ್ಲಿ ಮೊದಲ ಯಶಸ್ವಿ ಹೃದಯ ಕಸಿ ನಡೆದದ್ದು 1994ರ ಆಗಸ್ಟ್ 3ರಂದು, ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯಲ್ಲಿ, ಡಾ. ಪಿ. ವೇಣುಗೋಪಾಲ್ ಅವರ ತಂಡದಿಂದ. ಆ ನೆನಪಿಗಾಗಿ ಈಗ ಆಗಸ್ಟ್ 3ನ್ನು ಭಾರತೀಯ ಅಂಗದಾನ ದಿನವಾಗಿ ಆಚರಿಸುತ್ತಾರೆ.

ದೇಹದಿಂದ ತೆಗೆದ ಹೃದಯವನ್ನು ಸುಮಾರು ನಾಲ್ಕು ಗಂಟೆಯೊಳಗೆ ಕಸಿ ಮಾಡಿಬಿಡಬೇಕು. ಈ ನಾಲ್ಕು ಗಂಟೆ ಎಲ್ಲಿಂದ ಬಂತು? ಜೀವಕೋಶದ ರಾಸಾಯನಿಕ ಕ್ರಿಯೆಗಳ ವೇಗ ಪ್ರತಿ 10 ಡಿಗ್ರಿ ಸೆಲ್ಸಿಯಸ್ ಇಳಿಕೆಗೆ ಸ್ಥೂಲವಾಗಿ ಅರ್ಧವಾಗುತ್ತದೆ. 37 ಡಿಗ್ರಿಯಿಂದ 7 ಡಿಗ್ರಿಗೆ ಇಳಿಸಿದರೆ ಮೂರು ಸಲ ಅರ್ಧ, ಅಂದರೆ ಎಂಟರಲ್ಲಿ ಒಂದು. ಬಿಸಿ ದೇಹದಲ್ಲಿ ರಕ್ತವಿಲ್ಲದೆ ಅರ್ಧ ಗಂಟೆ ತಾಳುವ ಸ್ನಾಯು ತಂಪಿನಲ್ಲಿ ಎಂಟು ಪಟ್ಟು, ನಾಲ್ಕು ಗಂಟೆ ತಾಳಬೇಕು! ಇದು ಒರಟು ಲೆಕ್ಕವೇ ಸರಿ. ಪೊಟ್ಯಾಸಿಯಂ ಹೆಚ್ಚಿರುವ ದ್ರಾವಣದಿಂದ ಬಡಿತ ನಿಲ್ಲಿಸಿ ಶಕ್ತಿಯ ಬೇಡಿಕೆ ತಗ್ಗಿಸುವುದೂ ಇದರಲ್ಲಿ ಸೇರಿದೆ. ಹೀಗೆ ಸಿದ್ಧಪಡಿಸಿದ ಹೃದಯವನ್ನು ಚೀಲಗಳಲ್ಲಿಟ್ಟು, ಸುತ್ತಲೂ ಮಂಜುಗಡ್ಡೆ ತುಂಬಿ, ಸುಮಾರು 4 ಡಿಗ್ರಿಯಲ್ಲಿ ಒಯ್ಯುತ್ತಾರೆ. ಮಂಜುಗಡ್ಡೆ ನೇರವಾಗಿ ತಾಗಬಾರದು, ಹೆಪ್ಪುಗಟ್ಟಿದರೆ ಕೋಶ ಹರಿಯುತ್ತದೆ. ಯಕೃತ್ತು ಹೀಗೆ 8–12 ಗಂಟೆ, ಮೂತ್ರಪಿಂಡ 24 ಗಂಟೆಗೂ ಹೆಚ್ಚು ತಾಳುತ್ತದೆ.

2022ರ ಜುಲೈನಲ್ಲಿ ಧಾರವಾಡದ ಆಸ್ಪತ್ರೆಯಿಂದ ಬೆಳಗಾವಿಗೆ, ಸುಮಾರು 80 ಕಿ.ಮೀ. ದೂರ, ದಾನಿಯ ಹೃದಯವನ್ನು ಆಂಬುಲೆನ್ಸಿನಲ್ಲಿ ಒಯ್ದು ಕಸಿ ಮಾಡಲಾಯಿತು. ಪೊಲೀಸರು ದಾರಿಯುದ್ದಕ್ಕೂ ಬೇರೆ ವಾಹನಗಳನ್ನು ತಡೆದು ಹಸಿರು ಮಾರ್ಗ ಮಾಡಿಕೊಟ್ಟಿದ್ದರು. ಹೃದಯ ಕಸಿ ಬೆಂಗಳೂರಿನಲ್ಲಷ್ಟೇ ಆಗುವುದೆಂದು ತಿಳಿದಿದ್ದ ನಮ್ಮ ಕಡೆಯವರಿಗೆ ಇದು ದೊಡ್ಡ ಸುದ್ದಿ.

ಕಣ್ಣಿಗೆ ಆರು ಗಂಟೆ

ಕಾರ್ನಿಯಾದಲ್ಲಿ ರಕ್ತನಾಳಗಳೇ ಇಲ್ಲ. ಇದ್ದಿದ್ದರೆ ಅದು ಪಾರದರ್ಶಕವಾಗಿರುತ್ತಿರಲಿಲ್ಲ. ತನ್ನ ಆಮ್ಲಜನಕವನ್ನು ಬಹುಪಾಲು ನೇರವಾಗಿ ಗಾಳಿಯಿಂದಲೇ ಪಡೆಯುವ ಕಾರಣ ಹೃದಯ ನಿಂತ ಮೇಲೂ ಅದು ಕೆಲ ಕಾಲ ಚೆನ್ನಾಗಿರುತ್ತದೆ. ಸಾವಿನ ನಂತರ ಆರು ಗಂಟೆಯೊಳಗೆ ಅದನ್ನು ಪಡೆಯಬೇಕು. ಆಮೇಲೆ ಪೋಷಕ ದ್ರಾವಣದಲ್ಲಿ ಕೆಲವು ದಿನ ಇಡಬಹುದು.

2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೆಯ ವಯಸ್ಸಿನಲ್ಲಿ ಹೃದಯದ ತೊಂದರೆಯಿಂದ ನಿಧನರಾದಾಗ ಕುಟುಂಬದವರು ಆ ದುಃಖದ ನಡುವೆಯೇ ನೇತ್ರದಾನಕ್ಕೆ ಒಪ್ಪಿದರು. 2006ರಲ್ಲಿ ಅವರ ತಂದೆ ಡಾ. ರಾಜ್‌ಕುಮಾರ್ ಅವರ ಕಣ್ಣುಗಳೂ ದಾನವಾಗಿದ್ದವು. ಮನೆಯಲ್ಲಿ ಅದು ಮೊದಲೇ ಆಡಿದ ಮಾತು. ಬೆಂಗಳೂರಿನ ನಾರಾಯಣ ನೇತ್ರಾಲಯದ ವೈದ್ಯರು ಪ್ರತಿ ಕಾರ್ನಿಯಾದ ಮುಂಪದರ ಮತ್ತು ಹಿಂಪದರಗಳನ್ನು ಬೇರ್ಪಡಿಸಿ, ಮುಂಪದರದ ಕಾಯಿಲೆ ಇದ್ದವರಿಗೆ ಒಂದನ್ನೂ ಹಿಂಪದರದ ಕಾಯಿಲೆ ಇದ್ದವರಿಗೆ ಇನ್ನೊಂದನ್ನೂ ಕಸಿ ಮಾಡಿದರು. ಎರಡು ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂತು. ಆ ನಂತರ ರಾಜ್ಯದಲ್ಲಿ ಸಾವಿರಾರು ಜನ ನೇತ್ರದಾನಕ್ಕೆ ಹೆಸರು ನೋಂದಾಯಿಸಿದರು.

ಆ ಸಾವಿರಾರು ವಾಗ್ದಾನ ಪತ್ರಗಳಲ್ಲಿ ಎಷ್ಟು ನಮ್ಮ ಕಾಕಾನ ಪತ್ರದಂತೆ ಮಡಚಿ ಕುಳಿತಿವೆಯೋ ಎಂಬುದು ನನ್ನ ಚಿಂತೆ. ನೇತ್ರದಾನಕ್ಕೆ ಮನೆಯವರು ಮಾಡಬೇಕಾದದ್ದು ಸರಳ. ತಕ್ಷಣ ಹತ್ತಿರದ ನೇತ್ರ ಭಂಡಾರಕ್ಕೆ ತಿಳಿಸಬೇಕು. ರೆಪ್ಪೆಗಳನ್ನು ಮುಚ್ಚಿ ಮೇಲೆ ಒದ್ದೆ ಹತ್ತಿ ಇಡಬೇಕು. ಫ್ಯಾನ್ ನಿಲ್ಲಿಸಬೇಕು, ಗಾಳಿ ಬೀಸಿದರೆ ಆವಿಯಾಗುವಿಕೆ ಹೆಚ್ಚಿ ಕಾರ್ನಿಯಾ ಒಣಗುತ್ತದೆ. ತಲೆಯ ಕೆಳಗೆ ದಿಂಬು ಇಡಬೇಕು. ತಂಡ ಮನೆಗೇ ಬಂದು ಸುಮಾರು ಇಪ್ಪತ್ತು ನಿಮಿಷದಲ್ಲಿ ಕೆಲಸ ಮುಗಿಸುತ್ತದೆ. ಮುಖ ವಿರೂಪವಾಗುವುದಿಲ್ಲ. ಕನ್ನಡಕ ಹಾಕುತ್ತಿದ್ದವರು, ಪೊರೆಯ ಶಸ್ತ್ರಚಿಕಿತ್ಸೆ ಆದವರು, ಮಧುಮೇಹ, ರಕ್ತದೊತ್ತಡ ಇದ್ದವರು ಎಲ್ಲರೂ ಕೊಡಬಹುದು. ಎಚ್.ಐ.ವಿ., ಹೆಪಟೈಟಿಸ್ ಬಿ ಮತ್ತು ಸಿ, ರೇಬಿಸ್, ರಕ್ತದ ನಂಜು ಇದ್ದವರ ಕಣ್ಣು ಬಳಸುವಂತಿಲ್ಲ.

ಚಳಗೇರಿಯ ಪಾಠ

ನಮ್ಮ ಜಿಲ್ಲೆಯವರು ಮರೆಯಲಾಗದ ಇನ್ನೊಂದು ದಾನವಿದೆ. ರಾಣೆಬೆನ್ನೂರು ತಾಲ್ಲೂಕಿನ ಚಳಗೇರಿಯ ನವೀನ್ ಗ್ಯಾನಗೌಡರ್ ಉಕ್ರೇನಿನ ಖಾರ್ಕಿವ್ ನಗರದಲ್ಲಿ ವೈದ್ಯಕೀಯ ಓದುತ್ತಿದ್ದಾಗ 2022ರ ಮಾರ್ಚ್ 1ರಂದು ಯುದ್ಧದ ದಾಳಿಗೆ ಬಲಿಯಾದರು. ಮಾರ್ಚ್ 21ರಂದು ದೇಹ ಊರಿಗೆ ಬಂತು. ಅಂತಿಮ ವಿಧಿಗಳನ್ನು ಮುಗಿಸಿದ ತಂದೆ–ತಾಯಿ ಮಗನ ದೇಹವನ್ನು ದಾವಣಗೆರೆಯ ಎಸ್.ಎಸ್. ವೈದ್ಯಕೀಯ ಕಾಲೇಜಿಗೆ ಒಪ್ಪಿಸಿದರು. ವೈದ್ಯನಾಗಬೇಕಿದ್ದವನ ದೇಹ ವೈದ್ಯರಾಗುವವರ ಕಲಿಕೆಗೆ ಒದಗಿತು. ಹಾವೇರಿಯಲ್ಲೂ ಈಗ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ. ಯಾವ ಕಾಲೇಜಿನಲ್ಲೇ ಆಗಲಿ, ಅಂಗರಚನಾ ವಿಭಾಗಕ್ಕೆ ದೇಹಗಳು ಬೇಕು. ನೇತ್ರದಾನ ಮಾಡಿದವರ ದೇಹವನ್ನೂ ಸಾಮಾನ್ಯವಾಗಿ ಸ್ವೀಕರಿಸುತ್ತಾರೆ. ಇದರ ನೋಂದಣಿ ಆಯಾ ಕಾಲೇಜಿನಲ್ಲೇ ಆಗಬೇಕು.

ನೋಂದಣಿ ಎಂದರೆ ಏನು, ಏನಲ್ಲ

ಅಂಗದಾನಕ್ಕೆ 18 ವರ್ಷ ತುಂಬಿದ ಯಾರೂ ಹೆಸರು ನೋಂದಾಯಿಸಬಹುದು. ರಾಷ್ಟ್ರೀಯ ಅಂಗಾಂಗ ಕಸಿ ಸಂಸ್ಥೆಯಾದ ‘ನೋಟೋ’ದ ಜಾಲತಾಣದಲ್ಲಿ ಆಧಾರ್ ಆಧರಿಸಿದ ನೋಂದಣಿ 2023ರಿಂದ ಇದೆ. ಅದರ ಉಚಿತ ದೂರವಾಣಿ 1800-11-4770. ಕರ್ನಾಟಕದಲ್ಲಿ ಈ ಕೆಲಸವನ್ನು ನೋಡಿಕೊಳ್ಳುವ ಸಂಸ್ಥೆ ‘ಜೀವಸಾರ್ಥಕತೆ’. ಕಾಗದದಲ್ಲಿ ತುಂಬುವವರಿಗೆ 2014ರ ನಿಯಮಗಳ ನಮೂನೆ 7 ಇದೆ. ಇದಕ್ಕೆ ಶುಲ್ಕವಿಲ್ಲ. ಮನಸ್ಸು ಬದಲಾದರೆ ಹಿಂತೆಗೆದುಕೊಳ್ಳಬಹುದು. ಅಂಗವನ್ನು ಮಾರುವುದು, ಕೊಳ್ಳುವುದು ಅಪರಾಧ.

ಆದರೆ ಮುಖ್ಯ ಮಾತು ಬೇರೆ. ನೀವು ಸಹಿ ಮಾಡಿದ್ದರೂ ಕೊನೆಗೆ ಒಪ್ಪಿಗೆ ಕೇಳುವುದು ಹತ್ತಿರದ ಸಂಬಂಧಿಕರನ್ನು. ಅವರು ಸಹಿ ಮಾಡುವುದು ಬೇರೆಯೇ ನಮೂನೆಗೆ. ಅವರು ಬೇಡವೆಂದರೆ ದಾನ ಆಗುವುದಿಲ್ಲ. ನಿಮ್ಮ ಪತ್ರ ಇಲ್ಲದಿದ್ದರೂ ಅವರು ಹೂಂ ಎಂದರೆ ಆಗಬಹುದು. ಆದ್ದರಿಂದ ನೋಂದಣಿಯ ನಿಜವಾದ ಉಪಯೋಗ ಮನೆಯಲ್ಲಿ ಮಾತು ಆರಂಭಿಸುವುದು. 2023ರಲ್ಲಿ ದೇಶದಲ್ಲಿ 18,378 ಅಂಗಾಂಗ ಕಸಿಗಳು ನಡೆದವು. ಅವುಗಳಲ್ಲಿ ಹೆಚ್ಚಿನವು ಜೀವಂತ ಸಂಬಂಧಿಕರು ಕೊಟ್ಟವು. ಮರಣಾನಂತರ ಕೊಟ್ಟವರು 1,099 ಮಂದಿ ಮಾತ್ರ. ನೂರ ನಲವತ್ತು ಕೋಟಿ ಜನರ ದೇಶಕ್ಕೆ ಇದು ಹತ್ತು ಲಕ್ಷಕ್ಕೆ ಒಬ್ಬರೂ ಇಲ್ಲ.

ಶಾಲೆಯಲ್ಲಿ ಏನು ಮಾಡಬಹುದು?

ಅಧ್ಯಾಪಕ ಮಿತ್ರರಿಗೆ ನಾಲ್ಕು ಸಲಹೆಗಳು.

1. ಒಂದೇ ಉದ್ದದ, ಬೇರೆ ಬೇರೆ ವ್ಯಾಸದ ಎರಡು ಸಪೂರ ನಳಿಕೆಗಳಿಂದ ಒಂದೇ ಎತ್ತರದ ನೀರನ್ನು ಹರಿಸಿ, ಒಂದು ನಿಮಿಷದಲ್ಲಿ ಸಿಕ್ಕ ನೀರನ್ನು ಅಳೆಯಿಸಿ. ಉತ್ತರ ನಿಖರವಾಗಿ ಹದಿನಾರು ಪಟ್ಟು ಬರಲಿಕ್ಕಿಲ್ಲ, ಏಕೆ ಬರಲಿಲ್ಲವೆಂಬ ಚರ್ಚೆಯೂ ಪಾಠವೇ.

2. ಗಟ್ಟಿ ದಿಂಬಿನ ಮೇಲೆ ಎದೆ ಒತ್ತುವ ಅಭ್ಯಾಸ ಮಾಡಿಸಿ. ಒಬ್ಬ ವಿದ್ಯಾರ್ಥಿ ಗಡಿಯಾರ ಹಿಡಿದು ಎಣಿಸಲಿ. ಬದುಕಿರುವವರ ಎದೆಯ ಮೇಲೆ ಎಂದಿಗೂ ಮಾಡಿಸಬೇಡಿ.

3. ಪ್ರತಿ ವಿದ್ಯಾರ್ಥಿ ತನ್ನ ಮನೆಯಿಂದ ಇ.ಸಿ.ಜಿ. ಸೌಲಭ್ಯವಿರುವ ಆಸ್ಪತ್ರೆಗೆ ದೂರ, ದಾರಿ, ಬೇಕಾಗುವ ಸಮಯ, ಕರೆ ಮಾಡಬೇಕಾದ ಸಂಖ್ಯೆಗಳನ್ನು ಒಂದು ಹಾಳೆಯಲ್ಲಿ ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಲಿ. ನೇತ್ರ ಭಂಡಾರದ ಸಂಖ್ಯೆಯೂ ಅದರಲ್ಲಿರಲಿ.

4. ಮನೆಯ ಹಿರಿಯರನ್ನು ಕೇಳಿ ಬರಲು ಹೇಳಿ: ‘ನೀವು ಎಲ್ಲಾದರೂ ದಾನದ ಪತ್ರಕ್ಕೆ ಸಹಿ ಮಾಡಿದ್ದೀರಾ? ಅದು ಎಲ್ಲಿದೆ?’

ಕೊನೆಯ ಪ್ರಶ್ನೆಯನ್ನು ಬ್ಯಾಡಗಿಯ ಶಾಲೆಯೊಂದರ ಮಕ್ಕಳಿಗೆ ಕೊಟ್ಟಾಗ ಮರುದಿನ ಮೂವರು ಹುಡುಗರು ಅಜ್ಜ–ಅಜ್ಜಿಯರ ಪತ್ರಗಳನ್ನು ಹಿಡಿದುಕೊಂಡೇ ಬಂದರು. ಮನೆಯವರಿಗೆ ಅದುವರೆಗೆ ತಿಳಿದಿರಲಿಲ್ಲವಂತೆ. ಪತ್ರಗಳನ್ನು ಟ್ರಂಕಿಗೆ ಹಿಂತಿರುಗಿಸದೆ ದೇವರ ಜಗುಲಿಯ ಪಕ್ಕದ ಗೋಡೆಗೆ ಹಾಕಿಸಿ ಎಂದು ಹೇಳಿ ಕಳಿಸಿದೆ. ನನ್ನ ಪತ್ರ ನಮ್ಮ ಮನೆಯಲ್ಲಿ ಕ್ಯಾಲೆಂಡರಿನ ಮೊಳೆಗೇ ತೂಗುತ್ತದೆ. ದಿನಾಂಕ ನೋಡುವವರೆಲ್ಲ ಅದನ್ನೂ ನೋಡುತ್ತಾರೆ.